ಹೊಟ್ಟೆಯ ಬೊಜ್ಜು ಮತ್ತು ಹೃದ್ರೋಗ: ರೈತರು ತಿಳಿದಿರಬೇಕಾದ ವಿಷಯಗಳು

ಹೃದಯಾಘಾತವೆಂದರೆ ಕುಳಿತು ಉಣ್ಣುವ ಪಟ್ಟಣದವರ ಕಾಯಿಲೆ, ಮೈಮುರಿದು ದುಡಿಯುವ ರೈತನಿಗೆ ಅದು ಬಾರದು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ಇದೆ. ಹಿಂದೆ ಈ ಮಾತಿನಲ್ಲಿ ಸತ್ಯಾಂಶವಿತ್ತು. ಈಗ ಪರಿಸ್ಥಿತಿ ಬದಲಾಗಿದೆ. 2019ರಿಂದ 2021ರ ಅವಧಿಯಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ಗ್ರಾಮಗಳಲ್ಲಿಯೂ ವಯಸ್ಕರಲ್ಲಿ ಸುಮಾರು ಐವರಿಗೆ ಒಬ್ಬರಂತೆ ಮಿತಿಮೀರಿದ ತೂಕದವರಿದ್ದಾರೆ. 200 ದೇಶಗಳ ಅಂಕಿ-ಅಂಶಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಇನ್ನೊಂದು ವರದಿಯಂತೆ, 1985ರಿಂದ 2017ರವರೆಗೆ ಜಗತ್ತಿನ ಜನರ ಮೈತೂಕದಲ್ಲಿ ಆದ ಹೆಚ್ಚಳದ ಅರ್ಧಕ್ಕಿಂತ ಹೆಚ್ಚು ಪಾಲು ಗ್ರಾಮೀಣ ಜನರಿಂದ ಬಂದಿದೆ.

ಈ ವಿಷಯ ರೈತ ಕುಟುಂಬಕ್ಕೆ ಏಕೆ ಮುಖ್ಯ? ಭಾರತ ಮತ್ತು ನೆರೆಯ ದೇಶಗಳಲ್ಲಿ ಮೊದಲ ಹೃದಯಾಘಾತ ಬರುವ ವಯಸ್ಸು ಸರಾಸರಿ 53 ವರ್ಷ. ಬೇರೆ ದೇಶಗಳಲ್ಲಿ ಇದು ಸುಮಾರು 59 ವರ್ಷ. ಅಂದರೆ ನಮ್ಮವರಿಗೆ ಕಾಯಿಲೆ ಐದಾರು ವರ್ಷ ಮುಂಚಿತವಾಗಿಯೇ ಬರುತ್ತದೆ. ಐವತ್ತರ ಆಸುಪಾಸಿನಲ್ಲಿ ರೈತನ ಮೇಲೆ ಬೆಳೆಸಾಲ ಇರುತ್ತದೆ, ಮಕ್ಕಳ ಓದು ಅಥವಾ ಮದುವೆ ಬಾಕಿ ಇರುತ್ತದೆ, ಹೊಲದ ವ್ಯವಹಾರವೆಲ್ಲ ಅವನ ಕೈಯಲ್ಲೇ ಇರುತ್ತದೆ. ಇಂಥ ಸಮಯದಲ್ಲಿ ಮನೆಯ ಯಜಮಾನ ಹಾಸಿಗೆ ಹಿಡಿದರೆ ಇಡೀ ಸಂಸಾರ ತತ್ತರಿಸುತ್ತದೆ. ಆದ್ದರಿಂದ ಬೊಜ್ಜಿಗೂ ಹೃದ್ರೋಗಕ್ಕೂ ಇರುವ ಸಂಬಂಧವನ್ನು ಸಂಶೋಧಕರು ಹೇಗೆ ಕಂಡುಕೊಂಡರು, ಅದರಿಂದ ನಾವು ಕಲಿಯಬೇಕಾದ್ದು ಏನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ದುಡಿಮೆ ಇಳಿಯಿತು, ಊಟ ಇಳಿಯಲಿಲ್ಲ

ಒಂದು ಎಕರೆ ಎಂದರೆ 4,047 ಚದರ ಮೀಟರ್. ನೇಗಿಲಿನ ಒಂದು ಸಾಲು 20 ಸೆಂ.ಮೀ. ಅಗಲ ಎಂದು ಇಟ್ಟುಕೊಂಡರೆ, ಒಂದು ಎಕರೆ ಉತ್ತು ಮುಗಿಸುವಷ್ಟರಲ್ಲಿ ರೈತ ಎತ್ತುಗಳ ಹಿಂದೆ ಸುಮಾರು 20 ಕಿ.ಮೀ. ನಡೆದಿರುತ್ತಾನೆ. ಅದೂ ಮೆದು ಮಣ್ಣಿನಲ್ಲಿ, ಮೇಳಿಯನ್ನು ಒತ್ತಿ ಹಿಡಿದುಕೊಂಡು. ಇಂದು ಅದೇ ಕೆಲಸವನ್ನು ಟ್ರ್ಯಾಕ್ಟರಿನ ಮೇಲೆ ಕುಳಿತು ಸ್ವಲ್ಪ ಹೊತ್ತಿನಲ್ಲಿ ಮುಗಿಸಬಹುದು. ಕಪಿಲೆಯ ಬದಲು ಪಂಪ್‌ಸೆಟ್, ಬೀಸುವ ಕಲ್ಲಿನ ಬದಲು ಹಿಟ್ಟಿನ ಗಿರಣಿ, ಕಾಲ್ನಡಿಗೆಯ ಬದಲು ಮೋಟಾರ್ ಸೈಕಲ್ ಬಂದಿವೆ. ಈ ಅನುಕೂಲಗಳು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ದುಡಿಮೆ ಕಡಿಮೆಯಾದಷ್ಟು ತಟ್ಟೆಯಲ್ಲಿನ ಅನ್ನ, ಮುದ್ದೆ ಕಡಿಮೆಯಾಗಿಲ್ಲ. ಅದರ ಮೇಲೆ ದಿನಕ್ಕೆ ನಾಲ್ಕೈದು ಲೋಟ ಸಕ್ಕರೆ ಹಾಕಿದ ಚಹಾ, ಬೇಕರಿ ತಿಂಡಿ, ಬೋಂಡ-ಬಜ್ಜಿಗಳು ಸೇರಿಕೊಂಡಿವೆ. ಖರ್ಚಾಗದೆ ಉಳಿದ ಆಹಾರಶಕ್ತಿಯನ್ನು ಶರೀರ ಕೊಬ್ಬಿನ ರೂಪದಲ್ಲಿ ಕೂಡಿಡುತ್ತದೆ.

ದುಡಿಮೆಯ ಮಹತ್ವವನ್ನು ಮೊದಲು ಸ್ಪಷ್ಟವಾಗಿ ತೋರಿಸಿದ್ದು ಲಂಡನ್ನಿನ ಬಸ್ಸುಗಳು. ಅಲ್ಲಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ಚಾಲಕ ದಿನವಿಡೀ ಕುಳಿತಿರುತ್ತಿದ್ದ. ನಿರ್ವಾಹಕ ಟಿಕೆಟ್ ಕೊಡಲು ಮೆಟ್ಟಿಲು ಹತ್ತಿ ಇಳಿಯುತ್ತಲೇ ಇರುತ್ತಿದ್ದ. ಜೆರ್ರಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ 1953ರಲ್ಲಿ ಪ್ರಕಟಿಸಿದ ವರದಿಯಂತೆ, ನಿರ್ವಾಹಕರಿಗಿಂತ ಚಾಲಕರಲ್ಲಿ ಹೃದ್ರೋಗ ಹೆಚ್ಚಾಗಿತ್ತು, ಹೆಚ್ಚು ಮಾರಕವೂ ಆಗಿತ್ತು. ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದಾಗ ಚಾಲಕರ ಷರಾಯಿಯ ಸೊಂಟದ ಸುತ್ತಳತೆಯೇ ದೊಡ್ಡದಿರುವುದು 1956ರಲ್ಲಿ ತಿಳಿದುಬಂತು. ಇನ್ನೂ ಒಂದು ಅಂಶ ಮುಂದೆ ಸ್ಪಷ್ಟವಾಯಿತು. ಒಂದೇ ಬಗೆಯ ಮೈಕಟ್ಟಿನ ಚಾಲಕ, ನಿರ್ವಾಹಕರನ್ನು ಹೋಲಿಸಿದಾಗಲೂ ಓಡಾಡುವ ನಿರ್ವಾಹಕನಿಗೇ ಅಪಾಯ ಕಡಿಮೆ ಇತ್ತು. ಆದ್ದರಿಂದ ದುಡಿಮೆಯಿಂದ ಎರಡು ಲಾಭ. ಅದು ಬೊಜ್ಜನ್ನು ತಡೆಯುತ್ತದೆ, ಹೃದಯವನ್ನು ನೇರವಾಗಿಯೂ ಬಲಪಡಿಸುತ್ತದೆ.

ತೂಕಕ್ಕಿಂತ ಸೊಂಟದ ಅಳತೆ ಮುಖ್ಯ

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ 5,209 ಮಂದಿ ಗಂಡಸರು ಮತ್ತು ಹೆಂಗಸರನ್ನು ಆರಿಸಿಕೊಂಡು, ಅವರ ಆರೋಗ್ಯವನ್ನು ಕ್ರಮವಾಗಿ ಪರೀಕ್ಷಿಸುತ್ತ ಬರಲಾಯಿತು. ಬೊಜ್ಜಿನಿಂದ ರಕ್ತದೊತ್ತಡ, ಸಕ್ಕರೆ ಕಾಯಿಲೆ ಬಂದು, ಅವುಗಳ ಮೂಲಕವೇ ಹೃದಯ ಕೆಡುತ್ತದೆ; ಬೊಜ್ಜಿಗೆ ತನ್ನದೇ ಆದ ದೋಷವಿಲ್ಲ ಎಂದು ಆಗ ಅನೇಕರು ತಿಳಿದಿದ್ದರು. 26 ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ 1983ರಲ್ಲಿ ಪ್ರಕಟಿಸಿದ ವರದಿ ಈ ಅಭಿಪ್ರಾಯವನ್ನು ಬದಲಾಯಿಸಿತು. ರಕ್ತದೊತ್ತಡ, ರಕ್ತದ ಕೊಬ್ಬು, ಧೂಮಪಾನ ಮುಂತಾದವುಗಳ ಪಾಲನ್ನು ಕಳೆದ ಮೇಲೂ ಹೆಚ್ಚಿನ ತೂಕ ಹೃದ್ರೋಗಕ್ಕೆ ಒಂದು ಕಾರಣವಾಗಿಯೇ ಉಳಿಯಿತು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ದಪ್ಪಗಿರುವ ಎಲ್ಲರಿಗೂ ಹೃದ್ರೋಗ ಬರುವುದಿಲ್ಲ. ಅಷ್ಟೇನೂ ದಪ್ಪವಲ್ಲದ ಅನೇಕರಿಗೆ ಬರುತ್ತದೆ. ಇದಕ್ಕೆ ಸುಳಿವು ಕೊಟ್ಟವರು ಫ್ರಾನ್ಸಿನ ಮಾರ್ಸೇಲ್ಸ್ ನಗರದ ಜಾನ್ ವಾಗ್ ಎಂಬ ವೈದ್ಯರು. ಕೊಬ್ಬು ಎಷ್ಟಿದೆ ಎಂಬುದಷ್ಟೇ ಅಲ್ಲ, ಮೈಯಲ್ಲಿ ಎಲ್ಲಿ ಕೂಡಿದೆ ಎಂಬುದನ್ನೂ ನೋಡಬೇಕು ಎಂದು ಅವರು 1947ರಲ್ಲೇ ಹೇಳಿದ್ದರು. ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರದಲ್ಲಿ 1913ರಲ್ಲಿ ಹುಟ್ಟಿದ 792 ಗಂಡಸರನ್ನು 13 ವರ್ಷ ಗಮನಿಸಿದ ಸಂಶೋಧಕರು 1984ರಲ್ಲಿ ಇದನ್ನು ಸಮರ್ಥಿಸಿದರು. ಪೃಷ್ಠದ ಸುತ್ತಳತೆಗೆ ಹೋಲಿಸಿದರೆ ಸೊಂಟದ ಸುತ್ತಳತೆ ಯಾರಲ್ಲಿ ಹೆಚ್ಚಾಗಿತ್ತೋ ಅವರಿಗೇ ಹೃದ್ರೋಗ ಮತ್ತು ಪಾರ್ಶ್ವವಾಯು ಹೆಚ್ಚಾಗಿ ಬಂದಿದ್ದವು.

ಈ ವಿಷಯದಲ್ಲಿ ದೊಡ್ಡ ಪರಿಶೀಲನೆ ನಡೆಸಿದ ಸಂಶೋಧಕರ ಮುಂದಾಳು ಡಾ. ಸಲೀಂ ಯೂಸುಫ್. ಇವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಮುಂದೆ ಕೆನಡಾ ದೇಶದಲ್ಲಿ ನೆಲೆಸಿದವರು. ಭಾರತವೂ ಸೇರಿದಂತೆ 52 ದೇಶಗಳಲ್ಲಿ ಹೃದಯಾಘಾತವಾದವರನ್ನೂ ಆಗದವರನ್ನೂ ಸೇರಿಸಿ 27,000ಕ್ಕೂ ಹೆಚ್ಚು ಜನರ ಮೈ ಅಳತೆಗಳನ್ನು ಹೋಲಿಸಿ, 2005ರಲ್ಲಿ ವರದಿ ಪ್ರಕಟಿಸಲಾಯಿತು. ಬರಿಯ ತೂಕ ಮತ್ತು ಎತ್ತರದ ಲೆಕ್ಕಕ್ಕಿಂತ ಸೊಂಟದ ಅಳತೆಯೇ ಹೃದಯಾಘಾತದ ಅಪಾಯವನ್ನು ಹೆಚ್ಚು ಖಚಿತವಾಗಿ ತೋರಿಸಿತು.

ಸಣಕಲು ಕೈಕಾಲು, ಮುಂದೆ ಬಂದ ಹೊಟ್ಟೆ

ನಮ್ಮವರ ಮೈಕಟ್ಟಿನ ಒಂದು ವಿಶೇಷವನ್ನು ಇಲ್ಲಿ ತಿಳಿದುಕೊಳ್ಳಬೇಕು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಎಂಬ ಇಬ್ಬರು ವೈದ್ಯರು ತಮ್ಮ ಮೈಯನ್ನೇ ಪರೀಕ್ಷೆಗೆ ಒಡ್ಡಿ 2004ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಒಂದೇ. ಆದರೆ ಇಂಗ್ಲೆಂಡಿನವರ ಮೈಯಲ್ಲಿ ಕೊಬ್ಬು ಶೇಕಡಾ 9.1ರಷ್ಟಿದ್ದರೆ, ಭಾರತದವರ ಮೈಯಲ್ಲಿ ಶೇಕಡಾ 21.2ರಷ್ಟಿತ್ತು. ತಕ್ಕಡಿಗೆ ಇಬ್ಬರೂ ಸಮಾನರು; ಒಳಗಿನ ಸ್ಥಿತಿ ಬೇರೆ.

ಭಾರತೀಯರಲ್ಲಿ ಸಾಮಾನ್ಯವಾಗಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಆ ಕೊಬ್ಬೂ ಹೊಟ್ಟೆಯ ಭಾಗದಲ್ಲಿ ಸೇರಿಕೊಳ್ಳುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ಪ್ರತಿ ಊರಿನಲ್ಲೂ ಇದ್ದಾರೆ. ಅಂಥವರನ್ನು ಕಂಡು ‘ಮೈಕೈ ತುಂಬಿಕೊಂಡಿದ್ದಾನೆ, ಚೆನ್ನಾಗಿದ್ದಾನೆ’ ಎಂದು ನಾವು ಮೆಚ್ಚುತ್ತೇವೆ. ‘ನಾನೇನು ದಪ್ಪವಿಲ್ಲ’ ಎಂದು ಅವರೂ ನಿಶ್ಚಿಂತರಾಗಿರುತ್ತಾರೆ. ಸಂಶೋಧನೆಗಳ ಪ್ರಕಾರ ಎಚ್ಚರಿಕೆ ವಹಿಸಬೇಕಾದವರಲ್ಲಿ ಇವರೂ ಸೇರಿದ್ದಾರೆ.

ಹೊಟ್ಟೆಯ ಕೊಬ್ಬು ಹೃದಯವನ್ನು ಕೆಡಿಸುವ ಬಗೆ

ಚರ್ಮದ ಕೆಳಗಿನ ಕೊಬ್ಬು ಬಹುಮಟ್ಟಿಗೆ ಶರೀರದ ಉಳಿತಾಯವಿದ್ದಂತೆ. ಕರುಳಿನ ಸುತ್ತ ಸೇರುವ ಕೊಬ್ಬು ಹಾಗಲ್ಲ. ಅದು ಸದಾ ಕರಗಿ ರಕ್ತಕ್ಕೆ ಸೇರುತ್ತಿರುತ್ತದೆ. ಆ ರಕ್ತ ನೇರವಾಗಿ ಯಕೃತ್ತಿಗೆ, ಅಂದರೆ ಲಿವರಿಗೆ ಹೋಗುತ್ತದೆ. ಇದರಿಂದ ಮೂರು ತೊಂದರೆಗಳು ಉಂಟಾಗುತ್ತವೆ.

ಮೊದಲನೆಯದಾಗಿ, ಯಕೃತ್ತಿನಲ್ಲಿ ಕೊಬ್ಬು ತುಂಬಿ, ಅದು ರಕ್ತಕ್ಕೆ ಹೆಚ್ಚು ಕೊಬ್ಬನ್ನು ಬಿಡುಗಡೆ ಮಾಡುತ್ತದೆ. ಹೃದಯಕ್ಕೆ ಹಿತವಾದ ಬಗೆಯ ಕೊಲೆಸ್ಟರಾಲ್ ಇಳಿಯುತ್ತದೆ. ಎರಡನೆಯದಾಗಿ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ರಸದ ಪ್ರಭಾವ ತಗ್ಗಿ ಸಕ್ಕರೆ ಕಾಯಿಲೆಗೆ ದಾರಿಯಾಗುತ್ತದೆ. ಮೂರನೆಯದಾಗಿ, ಈ ಕೊಬ್ಬು ಸ್ರವಿಸುವ ಕೆಲವು ರಾಸಾಯನಿಕಗಳಿಂದ ರಕ್ತನಾಳಗಳ ಒಳಪೊರೆ ಉರಿಯೂತಕ್ಕೆ ಒಳಗಾಗುತ್ತದೆ, ರಕ್ತದೊತ್ತಡವೂ ಏರುತ್ತದೆ.

ಹೃದಯದ ಸ್ನಾಯುಗಳಿಗೆ ರಕ್ತ ಒದಗಿಸುವ ಸಣ್ಣ ನಾಳಗಳಿವೆ. ಕೊಳವೆ ಬಾವಿಯ ಪೈಪಿನಲ್ಲಿ ಸುಣ್ಣ ಕಟ್ಟುವಂತೆ ಈ ನಾಳಗಳಲ್ಲಿ ಕೊಬ್ಬು ಕಟ್ಟುತ್ತದೆ ಎಂದು ಹೇಳುವುದುಂಟು. ಆದರೆ ಒಂದು ವ್ಯತ್ಯಾಸವಿದೆ. ಕೊಬ್ಬು ನಾಳದ ಒಳಮೈಯ ಮೇಲೆ ಅಂಟುವುದಿಲ್ಲ. ಗೋಡೆಯ ಒಳಪದರದ ಹಿಂದೆ ಸೇರಿ ಉಬ್ಬುತ್ತದೆ. ಈ ಉಬ್ಬು ಒಂದು ದಿನ ಬಿರಿದಾಗ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿಹೋಗುತ್ತದೆ. ಅದೇ ಹೃದಯಾಘಾತ. ನಿನ್ನೆಯವರೆಗೆ ಚೆನ್ನಾಗಿದ್ದ ಮನುಷ್ಯ ಇಂದು ಹಠಾತ್ತನೆ ಕುಸಿಯುವುದಕ್ಕೆ ಇದೇ ಕಾರಣ. ಇದಲ್ಲದೆ ಮೈ ಬೆಳೆದಂತೆಲ್ಲ ಹೃದಯ ಹೆಚ್ಚು ರಕ್ತವನ್ನು ನೂಕಬೇಕಾಗುತ್ತದೆ. ವರ್ಷಾನುಗಟ್ಟಲೆ ಹೀಗೆ ದುಡಿದ ಹೃದಯದ ಗೋಡೆ ದಪ್ಪವಾಗಿ, ಕಡೆಗೆ ಸೋಲುತ್ತದೆ.

ನೀವೇ ಅಳೆದುಕೊಳ್ಳುವ ಕ್ರಮ

ಇದಕ್ಕೆ ಆಸ್ಪತ್ರೆಗೆ ಹೋಗಬೇಕಾಗಿಲ್ಲ. ದರ್ಜಿಯ ಟೇಪು ಸಾಕು. ಬೆಳಿಗ್ಗೆ ಊಟಕ್ಕೆ ಮುಂಚೆ ಅಂಗಿ ತೆಗೆದು ನೇರವಾಗಿ ನಿಂತುಕೊಳ್ಳಿ. ಪಕ್ಕೆಯ ಕೊನೆಯ ಎಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವಿನ ಜಾಗದಲ್ಲಿ ಟೇಪನ್ನು ಸುತ್ತಿ. ಪಂಚೆ ಅಥವಾ ಷರಾಯಿ ಕಟ್ಟುವ ಜಾಗ ಸಾಮಾನ್ಯವಾಗಿ ಇದಕ್ಕಿಂತ ಕೆಳಗಿರುತ್ತದೆ; ಅಲ್ಲಿ ಅಳೆಯಬಾರದು. ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟಾಗ ಅಳತೆ ನೋಡಿ. ಭಾರತೀಯ ತಜ್ಞರು 2009ರಲ್ಲಿ ಒಪ್ಪಿದ ಮಿತಿಯಂತೆ ಈ ಅಳತೆ

ಗಂಡಸರಲ್ಲಿ 90 ಸೆಂ.ಮೀ. (ಸುಮಾರು ಮೂವತ್ತೈದೂವರೆ ಅಂಗುಲ),
ಹೆಂಗಸರಲ್ಲಿ 80 ಸೆಂ.ಮೀ. (ಸುಮಾರು ಮೂವತ್ತೊಂದೂವರೆ ಅಂಗುಲ)

ಮುಟ್ಟಬಾರದು.

ಟೇಪು ಇಲ್ಲದಿದ್ದರೆ ಇನ್ನೊಂದು ಉಪಾಯವಿದೆ. ನಿಮ್ಮ ಎತ್ತರದಷ್ಟು ದಾರ ತೆಗೆದುಕೊಂಡು ಅದನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿ. ಆ ಅರ್ಧ ದಾರ ಸೊಂಟದ ಸುತ್ತ ಬಂದು ತುದಿಗಳು ಕೂಡಿದರೆ ಒಳ್ಳೆಯದು. ಕೂಡದಿದ್ದರೆ ಹೊಟ್ಟೆಯ ಬೊಜ್ಜು ಹೆಚ್ಚಾಗಿದೆ ಎಂದು ತಿಳಿಯಬೇಕು. ಸೊಂಟದ ಅಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕೆಂದು ಇಂಗ್ಲೆಂಡಿನ ಆರೋಗ್ಯ ಸಂಸ್ಥೆ 2022ರಲ್ಲಿ ಸಲಹೆ ಮಾಡಿದೆ.

ತೂಕದ ಲೆಕ್ಕವನ್ನೂ ನೋಡುವುದಾದರೆ, ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಬೇಕು. ಉದಾಹರಣೆಗೆ, 1.65 ಮೀಟರ್ ಎತ್ತರ, 70 ಕಿ.ಗ್ರಾಂ. ತೂಕವಿದ್ದರೆ ಬರುವ ಅಂಕಿ 25.7. ಭಾರತೀಯರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. ಈ ಅಂಕಿ ಮಿತಿಯೊಳಗಿದ್ದರೂ ಸೊಂಟದ ಅಳತೆ ಮಿತಿ ಮೀರಿದ್ದರೆ ಎಚ್ಚರ ತಪ್ಪಬಾರದು.

ಮನೆಯ ಹೆಂಗಸರ ಅಳತೆಯನ್ನೂ ನೋಡುವುದು ಅಗತ್ಯ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿಯೂ ಕೊಬ್ಬು ಹೊಟ್ಟೆಗೆ ಸೇರತೊಡಗುತ್ತದೆ, ಹೃದ್ರೋಗದ ಅಪಾಯವೂ ಏರುತ್ತದೆ. ಅವರ ಆಯಾಸವನ್ನು, ಎದೆಯುಬ್ಬಸವನ್ನು ಕೆಲಸದ ದಣಿವೆಂದು ತಳ್ಳಿಹಾಕುವ ರೂಢಿ ಒಳ್ಳೆಯದಲ್ಲ.

ಬೊಜ್ಜು ಇಳಿಸಿದರೆ ಫಲವುಂಟೇ?

ಇದಕ್ಕೆ ಸಂಶೋಧನೆಗಳು ಕೊಡುವ ಉತ್ತರವನ್ನು ಇದ್ದದ್ದು ಇದ್ದಂತೆ ತಿಳಿಯುವುದು ಒಳ್ಳೆಯದು. ಸಕ್ಕರೆ ಕಾಯಿಲೆ ಬರುವ ಅಂಚಿನಲ್ಲಿದ್ದ ಅಮೆರಿಕದ ಜನರಿಗೆ ತಮ್ಮ ತೂಕದ ಶೇಕಡಾ 7ರಷ್ಟನ್ನು ಇಳಿಸಲು, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಲು ಹೇಳಲಾಯಿತು. ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು ಇವರಲ್ಲಿ ಶೇಕಡಾ 58ರಷ್ಟು ತಗ್ಗಿತೆಂದು 2002ರಲ್ಲಿ ವರದಿಯಾಯಿತು. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಮಂದಿಯ ಮೇಲೆ ನಡೆಸಿದ ಪ್ರಯೋಗದಲ್ಲಿ (2006) ಊಟ ಮತ್ತು ನಡಿಗೆಯ ಕ್ರಮದಿಂದ ಶೇಕಡಾ 28.5ರಷ್ಟು ಇಳಿಕೆಯಾಯಿತು. ಇಲ್ಲಿ ತೂಕ ಹೆಚ್ಚೇನೂ ಇಳಿಯದಿದ್ದರೂ ಫಲ ದೊರೆಯಿತು ಎಂಬುದು ಗಮನಾರ್ಹ.

ಆದರೆ ಸಕ್ಕರೆ ಕಾಯಿಲೆ ಆಗಲೇ ಬಂದಿದ್ದ 5,145 ಮಂದಿಯ ಮೇಲೆ ಅಮೆರಿಕದಲ್ಲಿ ಸುಮಾರು ಹತ್ತು ವರ್ಷ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ 2013ರಲ್ಲಿ ಹೊರಬಂದಾಗ ನಿರಾಶೆಯಾಯಿತು. ಊಟ, ವ್ಯಾಯಾಮಗಳಿಂದ ತೂಕ, ರಕ್ತದೊತ್ತಡ, ಸಕ್ಕರೆ ಸುಧಾರಿಸಿದರೂ ಹೃದಯಾಘಾತ, ಪಾರ್ಶ್ವವಾಯುಗಳ ಸಂಖ್ಯೆ ತಗ್ಗಲಿಲ್ಲ. ಮುಂದೆ 2023ರಲ್ಲಿ ಮತ್ತೊಂದು ಫಲಿತಾಂಶ ಬಂತು. ಹೃದ್ರೋಗವಿದ್ದು ತೂಕ ಹೆಚ್ಚಾಗಿದ್ದ, ಸಕ್ಕರೆ ಕಾಯಿಲೆ ಇಲ್ಲದ 17,604 ಮಂದಿಯಲ್ಲಿ ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದು ಪಡೆದವರಿಗೆ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳು ಒಟ್ಟಾರೆ ಶೇಕಡಾ 20ರಷ್ಟು ಕಡಿಮೆಯಾದವು. ಈ ಔಷಧಿಯನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ ಬಳಸಬೇಕು.

ಇವುಗಳಿಂದ ತಿಳಿಯುವುದಿಷ್ಟು: ಬೆಳೆಗೆ ರೋಗ ಹರಡಿದ ಮೇಲೆ ಔಷಧಿ ಹೊಡೆಯುವುದಕ್ಕಿಂತ ಬರದಂತೆ ನೋಡಿಕೊಳ್ಳುವುದು ಹೇಗೆ ಸುಲಭವೋ, ಬೊಜ್ಜಿನ ವಿಷಯದಲ್ಲೂ ಹಾಗೆಯೇ. ಕಾಯಿಲೆ ಬೇರೂರುವ ಮೊದಲೇ, ಮೂವತ್ತು-ನಲವತ್ತರ ವಯಸ್ಸಿನಲ್ಲೇ ಕ್ರಮ ಕೈಗೊಂಡರೆ ಲಾಭ ಹೆಚ್ಚು.

ಅನುಸರಿಸಬೇಕಾದ ಕ್ರಮಗಳು

1. ದುಡಿಮೆ ಕಡಿಮೆ ಇರುವ ದಿನಗಳಲ್ಲಿ ಅನ್ನ, ಮುದ್ದೆ, ರೊಟ್ಟಿಗಳ ಪ್ರಮಾಣವನ್ನು ಇಳಿಸಿ. ನಾಟಿ, ಕೊಯ್ಲಿನ ಕಾಲದ ಊಟವನ್ನು ಬೇಸಿಗೆಯ ಬಿಡುವಿನಲ್ಲೂ ಮುಂದುವರಿಸುವುದು ಸರಿಯಲ್ಲ.

2. ತಟ್ಟೆಯಲ್ಲಿ ಸೊಪ್ಪು, ತರಕಾರಿ ಮತ್ತು ಹುರುಳಿ, ಅವರೆ, ಅಲಸಂದೆ, ತೊಗರಿಯಂಥ ಕಾಳುಗಳ ಪಾಲು ಹೆಚ್ಚಿಸಿ. ರಾಗಿ, ಜೋಳ ಒಳ್ಳೆಯವೇ. ಆದರೆ ಅವನ್ನೂ ಮಿತಿಮೀರಿ ಉಂಡರೆ ಕೊಬ್ಬಾಗುತ್ತದೆ.

3. ಅಡುಗೆ ಎಣ್ಣೆ ಒಬ್ಬರಿಗೆ ದಿನಕ್ಕೆ 25 ಗ್ರಾಂ, ಅಂದರೆ ತಿಂಗಳಿಗೆ ಮುಕ್ಕಾಲು ಕಿಲೋ ಮೀರದಿರಲಿ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ ಶಕ್ತಿಯಿದೆ. ಒಂದು ಗ್ರಾಂ ಹಿಟ್ಟಿನ ಪದಾರ್ಥದಲ್ಲಿ 4 ಮಾತ್ರ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ವನಸ್ಪತಿಯನ್ನು ಬಿಡುವುದು ಲೇಸು.

4. ಒಂದು ಲೋಟ ಚಹಾಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 40 ಕ್ಯಾಲೊರಿ. ದಿನಕ್ಕೆ ಐದು ಲೋಟ ಕುಡಿದರೆ ಸಕ್ಕರೆಯಿಂದಲೇ 200 ಕ್ಯಾಲೊರಿ. ಬೆಲ್ಲಕ್ಕೂ ಇದೇ ಲೆಕ್ಕ.

5. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ.

6. ಹೊಲ ಒಂದೆರಡು ಕಿ.ಮೀ. ದೂರದಲ್ಲಿದ್ದರೆ ಗಾಡಿ ಬಿಟ್ಟು ನಡೆದು ಹೋಗಿ. ವಾರದಲ್ಲಿ ಐದು ದಿನವಾದರೂ ಅರ್ಧ ಗಂಟೆ ಮೈ ಬೆವರುವಷ್ಟು ಬಿರುಸಾದ ನಡಿಗೆ ಅಥವಾ ಗುದ್ದಲಿ ಕೆಲಸ ಇರಲಿ.

7. ಬೀಡಿ, ಸಿಗರೇಟು, ಹೊಗೆಸೊಪ್ಪುಗಳನ್ನು ಬಿಡಿ. ಸಣ್ಣಗಿರುವವರಿಗೂ ಇವು ಹೃದಯಾಘಾತ ತರುತ್ತವೆ. ಮದ್ಯ ಬೊಜ್ಜನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ.

8. ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿ.

ಎಚ್ಚರಿಕೆಯ ಮಾತುಗಳು

ಬೊಜ್ಜು ಇಳಿಸಲು ಉಪವಾಸ ಬೀಳುವುದು, ಜಾಹೀರಾತಿನ ಪುಡಿ-ಗುಳಿಗೆಗಳನ್ನು ನುಂಗುವುದು ಅಪಾಯಕರ. ತಿಂಗಳಿಗೆ ಒಂದೆರಡು ಕಿಲೋ ಇಳಿದರೆ ಸಾಕು. ರಕ್ತದೊತ್ತಡ ಅಥವಾ ಸಕ್ಕರೆಯ ಗುಳಿಗೆ ತೆಗೆದುಕೊಳ್ಳುತ್ತಿರುವವರು, ತೂಕ ಇಳಿಯಿತೆಂದು ತಾವಾಗಿ ಅದನ್ನು ನಿಲ್ಲಿಸಬಾರದು. ತಿಂಗಳುಗಟ್ಟಲೆ ಮೈ ಬಗ್ಗಿಸದಿದ್ದವರು ಒಮ್ಮೆಲೇ ಭಾರದ ಕೆಲಸಕ್ಕೆ ಇಳಿಯದೆ, ದಿನದಿಂದ ದಿನಕ್ಕೆ ದುಡಿಮೆ ಹೆಚ್ಚಿಸಿಕೊಳ್ಳಬೇಕು. ನಡೆದಾಗ ಎದೆ ಬಿಗಿದು, ನಿಂತಾಗ ಸಡಿಲವಾಗುತ್ತಿದ್ದರೆ ಕೂಡಲೇ ವೈದ್ಯರನ್ನು ಕಾಣಿರಿ.

ಎದೆಯ ನಡುವೆ ಒತ್ತಿದಂಥ ನೋವು, ಅದು ಎಡಗೈಗೆ, ದವಡೆಗೆ ಅಥವಾ ಬೆನ್ನಿಗೆ ಹರಿಯುವುದು, ತಣ್ಣನೆಯ ಬೆವರು, ಉಸಿರುಗಟ್ಟುವುದು ಹೃದಯಾಘಾತದ ಲಕ್ಷಣಗಳು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲದೆ ಬರಿಯ ಸುಸ್ತು, ವಾಕರಿಕೆಯೂ ಇರಬಹುದು. ಇದನ್ನು ‘ಗ್ಯಾಸ್’ ಎಂದು ಸೋಡಾ ಕುಡಿದು ಬೆಳಗಿನವರೆಗೆ ಕಾಯಬಾರದು. ತಡಮಾಡಿದಷ್ಟೂ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ. ಕೂಡಲೇ 108ಕ್ಕೆ ಕರೆ ಮಾಡಿ, ರೋಗಿಯನ್ನು ನಡೆಸದೆ ತಾಲ್ಲೂಕು ಆಸ್ಪತ್ರೆಗೆ ಸಾಗಿಸಿ. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಹೃದಯದ ಇ.ಸಿ.ಜಿ. ಪರೀಕ್ಷೆ ಮಾಡಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಉಚಿತವಾಗಿ ಕೊಡುವ ಏರ್ಪಾಡು ಮಾಡಲಾಗಿದೆ.

ಬಿತ್ತನೆಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸುವ ರೈತ ತನ್ನ ಮೈಯ ಪರೀಕ್ಷೆಯನ್ನು ಮರೆಯಬಾರದು. ನಾಳೆ ಬೆಳಿಗ್ಗೆಯೇ ಟೇಪು ಅಥವಾ ದಾರ ಹಿಡಿದು ಮನೆಯ ದೊಡ್ಡವರೆಲ್ಲರ ಸೊಂಟದ ಅಳತೆ ತೆಗೆದು, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಮೂರು ತಿಂಗಳಿಗೊಮ್ಮೆ ಅಳೆದು ಹೋಲಿಸಿ ನೋಡಿ. ಅಳತೆ ಮಿತಿಯೊಳಗಿದ್ದರೆ ಅದನ್ನು ಕಾಪಾಡಿಕೊಳ್ಳಿ; ಮೀರಿದ್ದರೆ ಊಟ ಮತ್ತು ದುಡಿಮೆಗಳ ಲೆಕ್ಕವನ್ನು ಅಂದಿನಿಂದಲೇ ಸರಿಪಡಿಸಿಕೊಳ್ಳಿ.